ಗ್ಯಾಸಿನ ಮಾತ್ರೆ ಕೊಡುವ ಮೊದಲು ಒಂದು ಮಾತು ಕೇಳಬಾರದೇ?

ಮಾನ್ಯರೇ,

ಮಂಗಳೂರು ನಗರದ ಮೆಡಿಕಲ್‌ಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅಧಿಕಾರಿಗಳು ಹೇಳಿದ್ದನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು. ಎಲ್ಲಿ ಸರಿಯಾಗಿದೆ ಸ್ವಾಮಿ? ನನ್ನ ತಾಯಿ ರಕ್ತದ ಕ್ಯಾನ್ಸರಿಗೆ ದಾಸಾಟಿನಿಬ್ ತೆಗೆದುಕೊಳ್ಳುತ್ತಾರೆ. ಎದೆಯುರಿ ಎಂದದ್ದೇ ತಡ, ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಡಾಕ್ಟರ ಚೀಟಿಯೂ ಇಲ್ಲದೆ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಎರಡೂ ಒಂದೇ ಬಿಲ್ಲಿನಲ್ಲಿ, ಒಂದರ ಕೆಳಗೊಂದು! ಗ್ಯಾಸಿನದು ಬೆಳಿಗ್ಗೆ, ಕ್ಯಾನ್ಸರಿನದು ರಾತ್ರಿ ಎಂದು ಕವರಿನ ಮೇಲೆ ಗೀಚಿಕೊಟ್ಟವರೂ ಅವರೇ.

ದಾಸಾಟಿನಿಬ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಈ ಗ್ಯಾಸಿನ ಮಾತ್ರೆ ಆಮ್ಲವನ್ನೇ ದಿನವಿಡೀ ತಗ್ಗಿಸಿಬಿಡುತ್ತದೆ. ಹೊತ್ತು ಬದಲಿಸಿ ನುಂಗಿದರೂ ಪ್ರಯೋಜನವಿಲ್ಲ. ಸ್ವಲ್ಪ ಹೊತ್ತಷ್ಟೇ ಆಮ್ಲ ತಣಿಸುವ ಸಾದಾ ಆಂಟಾಸಿಡ್ ಆಗಿದ್ದರೆ ಎರಡು ಗಂಟೆ ಅಂತರವಿಟ್ಟು ತೆಗೆದುಕೊಳ್ಳಬಹುದಿತ್ತಂತೆ. ಡಾಕ್ಟರು ಹೇಳುವಷ್ಟರಲ್ಲಿ ದುಬಾರಿ ಮಾತ್ರೆ ಮೈಗೆ ಹತ್ತದೆ ಹೋಗಿತ್ತು. ಮತ್ತೆ ರಕ್ತಪರೀಕ್ಷೆ, ಮತ್ತೆ ಸುರತ್ಕಲ್‌ನಿಂದ ಕಾಲಿಡಲಾಗದ ಬಸ್ಸು, ನನಗೆ ರಜೆ, ಸಂಬಳ ಕಡಿತ. ಸುಸ್ತಾದ ಅಮ್ಮನನ್ನು ಕೂರಿಸಲು ಬಸ್‌ಸ್ಟಾಪಿನಲ್ಲಿ ಒಂದು ಬೆಂಚೂ ಇಲ್ಲ.

ಆಸ್ಪತ್ರೆಯಲ್ಲಿ ಪರಿಚಯವಾದ ಅಕ್ಕನೊಬ್ಬರದು ರಕ್ತದ ಕ್ಯಾನ್ಸರಿನದೇ ಇನ್ನೊಂದು ಮದ್ದು, ನಿಲೋಟಿನಿಬ್. ಕ್ಯಾಪ್ಸೂಲ್ ನುಂಗುವ ಮೊದಲು 2 ಗಂಟೆ, ನುಂಗಿದ ಮೇಲೆ 1 ಗಂಟೆ ಏನೂ ತಿನ್ನುವಂತಿಲ್ಲ. ಊಟದ ಜೊತೆಗಾದರೆ ರಕ್ತದಲ್ಲಿ ಮದ್ದು ಏರಿ ಹೃದಯದ ಬಡಿತಕ್ಕೇ ಅಪಾಯ. ಅವರ ಕವರಿನ ಮೇಲೆ ಬರೆದದ್ದು ‘ಊಟದ ನಂತರ 1-0-1’! ಅದೇ ಕಾಯಿಲೆಯ ಇಮಾಟಿನಿಬ್ ಊಟದ ಜೊತೆಗೇ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕಾದ್ದು. ಅಂಗಡಿಯವರಿಗೆ ಎಲ್ಲ ಒಂದೇ. ಅಷ್ಟಮಿ, ಚೌತಿ ಬಂದರೆ ಮಾರ್ಕೆಟ್ ತುಂಬ ಚಕ್ಕೋತ. ಕರುಳಿನಲ್ಲಿ ಇಂಥ ಮದ್ದನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಮದ್ದಿನ ಪ್ರಮಾಣ ಮಿತಿಮೀರುತ್ತದೆ. ಪ್ರಸಾದ ಎಂದು ತಿನ್ನುವ ರೋಗಿಗೆ ಇದನ್ನು ಹೇಳುವವರು ಯಾರು?

ಫಾರ್ಮಸಿಸ್ಟರು ರೋಗಿಗೆ ತಿಳಿಹೇಳಬೇಕೆಂದು 2015ರ ನಿಯಮವೇ ಇದೆ. ಇಲ್ಲಿ ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟು, ಕೌಂಟರಿನಲ್ಲಿ ಮೊಬೈಲು ನೋಡುತ್ತಾ ಇನ್ನೊಬ್ಬ ಹುಡುಗ. ದೂರು ಕೊಡಲು ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಹಿಂದೆ ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಹೋದಾಗಲೂ ಸಾಹೇಬರು ಮೀಟಿಂಗಿನಲ್ಲೇ ಇದ್ದರು. ಆ ಚಪ್ಪಡಿ ಇನ್ನೂ ಬಂದಿಲ್ಲ. ಅರ್ಜಿಗೆ ಸೀಲು ಒತ್ತುವುದು ಬಿಟ್ಟರೆ ಇವರಿಂದ ಯಾವ ಕೆಲಸ ಆಗಿದೆ?

ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಲಿ. ಕ್ಯಾನ್ಸರ್ ಮಾತ್ರೆಗಳ ಜೊತೆ ಕನ್ನಡದಲ್ಲಿ ಚೀಟಿ ಕೊಡಿಸಲಿ, ಇಂಥ ಅಂಗಡಿಗಳ ಲೈಸೆನ್ಸ್ ರದ್ದು ಮಾಡಲಿ, ಬಸ್‌ಸ್ಟಾಪಿಗೊಂದು ಬೆಂಚಾದರೂ ಹಾಕಿಸಲಿ. ಆಗುವುದಿಲ್ಲವೆಂದಾದರೆ ‘ಎಲ್ಲವೂ ಸರಿಯಾಗಿದೆ’ ಎಂದು ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ. ಇವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ, ಸುರತ್ಕಲ್