‘ಟೆನ್ಶನ್ ಕಡಿಮೆ ಮಾಡಿಕೊಳ್ಳಿ’ ಅಂದರೆ ಸಾಕೇ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನ ಬಂದರೆ ಪತ್ರಿಕೆಗಳಲ್ಲಿ ಹೃದಯದ ಬಗ್ಗೆ ಲೇಖನಗಳು ಬರುತ್ತವೆ. ಒಳ್ಳೆಯದೇ. ಎಣ್ಣೆ, ಉಪ್ಪು, ಬೀಡಿ, ಸಿಗರೇಟು, ನಡಿಗೆ ಎಲ್ಲದರ ಬಗ್ಗೆಯೂ ವಿವರವಾಗಿ ಬರೆಯುತ್ತಾರೆ. ಕೊನೆಯಲ್ಲಿ ಒಂದೇ ಒಂದು ಸಾಲು: ಟೆನ್ಶನ್ ಕಡಿಮೆ ಮಾಡಿಕೊಳ್ಳಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೂ ಅದೇ ಮಾತು. ಹೇಗೆ ಕಡಿಮೆ ಮಾಡಿಕೊಳ್ಳುವುದು, ಅದರಲ್ಲಿ ಯಾರ್ಯಾರು ಕೈ ಜೋಡಿಸಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕ್ಲರ್ಕ್. ಊರವರ ಬಾಯಲ್ಲಿ ಅದು ಸೊಸೈಟಿ. ನನಗೆ ಐವತ್ತು ದಾಟಿದೆ. ಕಳೆದ ವರ್ಷ ಮಾರ್ಚ್ ಕೊನೆಯ ವಾರದಲ್ಲಿ, ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಯಿತು. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳಲಿಲ್ಲ. ದವಡೆ ನೋವು, ಬೆನ್ನಿನ ಮೇಲ್ಭಾಗದಲ್ಲಿ ಸೆಳೆತ, ಮೈಯೆಲ್ಲ ತಣ್ಣನೆ ಬೆವರು. “ಗ್ಯಾಸ್ಟ್ರಿಕ್ ಇರಬೇಕು ಮಾರಾಯ್ತಿ, ಓಮದ ನೀರು ಕುಡಿ” ಎಂದರು ಕೌಂಟರಿನ ಆಚೆ ನಿಂತವರು. ನಮ್ಮ ಅಟೆಂಡರ್ ಹುಡುಗ ಮಾತ್ರ ಅವರ ಮಾತು ಕೇಳಲಿಲ್ಲ. ಅವನ ಅಮ್ಮನಿಗೂ ಹೀಗೇ ಆಗಿತ್ತಂತೆ. ಗೊಬ್ಬರ ಒಯ್ಯಲು ಬಂದಿದ್ದ ಜೀಪಿನಲ್ಲೇ ನನ್ನನ್ನು ಕೂರಿಸಿಕೊಂಡು ಹೊರಟ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಮರುದಿನ ಸ್ಟೆಂಟ್, ಅಂದರೆ ಕಟ್ಟಿಕೊಂಡ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿದರು.

ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಹೀಗೆ ಬೇರೆ ರೂಪದಲ್ಲಿ ಬರುವುದುಂಟು. ಎದೆನೋವು ಕಡಿಮೆ ಇದ್ದು, ಉಬ್ಬಸ, ಸುಸ್ತು, ವಾಕರಿಕೆ, ದವಡೆ ಅಥವಾ ತೋಳಿನ ನೋವು ಎದ್ದು ಕಾಣಬಹುದು. ನಮ್ಮ ಮಲೆನಾಡಿನಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು. ಯಾಕೆಂದರೆ ಇಲ್ಲಿ ದೊಡ್ಡ ಆಸ್ಪತ್ರೆ ದೂರ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಂತೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಲಾಂಚ್ ನಂಬಿಕೊಂಡೇ ಬದುಕಿದವರು. ಹೊತ್ತು ಮುಳುಗಿದ ಮೇಲೆ ಎದೆನೋವು ಬಂದರೆ ಗತಿ ಏನಿತ್ತು ಯೋಚಿಸಿ. ಹೆಪ್ಪು ಕರಗಿಸುವ ಔಷಧಿ ಎಷ್ಟು ಬೇಗ ಸಿಗುತ್ತದೋ ಹೃದಯದ ಸ್ನಾಯು ಅಷ್ಟು ಉಳಿಯುತ್ತದೆ. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಎಂಬ ಆ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವ ಹಾಗೆ ಮಾಡಿದ್ದು ಬಹಳ ದೊಡ್ಡ ಕೆಲಸ. ಹಾಗಾಗಿ ಅನುಮಾನ ಬಂದ ಕೂಡಲೇ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108.

ಜೀವ ಉಳಿಯಿತು. ಆಮೇಲಿನ ಕಥೆ ಯಾರೂ ಬರೆಯುವುದಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದ ಹಿರಿಯರೊಬ್ಬರು ಕೇಳಿದರು: “ನಿಂದು ಕುಂತು ಬರೆಯುವ ಕೆಲಸ ಅಲ್ವಾ? ಅದರಲ್ಲಿ ಎಂಥ ಟೆನ್ಶನ್?” ಅವರು ಪ್ರೀತಿಯಿಂದಲೇ ಕೇಳಿದ್ದು. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಮಲೆನಾಡಿನ ಸೊಸೈಟಿ ಅಂದರೆ ಬರೀ ಸಾಲ ಅಲ್ಲ. ಪಡಿತರ ಅಲ್ಲೇ, ಗೊಬ್ಬರ ಅಲ್ಲೇ, ಅಡಿಕೆಗೆ ಹೊಡೆಯುವ ಔಷಧಿಯ ಮೈಲುತುತ್ತ ಅಲ್ಲೇ. ಜೂನ್ ಬಂದರೆ ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿಸಿಕೊಳ್ಳುವ ಗಡಿಬಿಡಿ. ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿಯ ನೋಂದಣಿ ಬಂದರೆ ಅದೂ ನಾವೇ. ಪುಸ್ತಕದಲ್ಲೂ ಬರೆಯಬೇಕು, ಕಂಪ್ಯೂಟರಿಗೂ ಏರಿಸಬೇಕು. ಸರ್ವರ್ ಹೋದರೆ ಹೆಬ್ಬೆರಳು ಒತ್ತಲು ಬಂದ ವಯಸ್ಸಾದವರು ಬಸ್ಸು ತಪ್ಪುತ್ತದೆ ಎಂದು ನಮ್ಮ ಮುಖ ನೋಡುತ್ತಾರೆ. ಮಾರ್ಚ್ ಬಂದರೆ ಬೆಳೆ ಸಾಲ ಕಟ್ಟಿಸಿಕೊಂಡು ಹೊಸದು ಮಾಡಿಕೊಡುವ ಕೆಲಸ. 5 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಇಲ್ಲ ನಿಜ, ಆದರೆ ವಾಯಿದೆ ಮೀರಿದರೆ ಆ ರಿಯಾಯಿತಿ ಹೋಯಿತು. ಹಾಗಾಗಿ ಎಲ್ಲರೂ ಕೊನೆಯ ವಾರದಲ್ಲೇ ಬರುತ್ತಾರೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದು. ಕೆಲಸ ಜಾಸ್ತಿ ಇರುವುದಕ್ಕಿಂತ ಹೆಚ್ಚು ಸುಡುವುದು ಬೇರೆ ಇದೆ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಹೋದವರು ಕೌಂಟರಿಗೆ ಬಂದು, “ಅಕ್ಕಾ, ಈ ಸಲ ಹೇಗಾದರೂ ಮಾಡಿ” ಎನ್ನುತ್ತಾರೆ. ಮಾಡುವ ಅಧಿಕಾರ ನನಗಿಲ್ಲ. ಸಾಲ ಕೊಡುವುದು, ಬಿಡುವುದು ಆಡಳಿತ ಮಂಡಳಿಯ ತೀರ್ಮಾನ. ಆದರೆ ‘ಇಲ್ಲ’ ಎಂದು ಹೇಳಬೇಕಾದವಳು ನಾನು. ಬೈಗುಳ, ಕಣ್ಣೀರು ಎರಡೂ ನನ್ನ ಮೇಜಿನ ಮುಂದೆ. ರಾತ್ರಿ ಮಲಗಿದರೆ ಅವರ ಮುಖವೇ ಬರುತ್ತದೆ, ಮರುದಿನ ಮತ್ತೆ ಫೋನು.

ವಿಶ್ರಾಂತಿಯ ದಿನಗಳಲ್ಲಿ ಇದರ ಬಗ್ಗೆ ಓದಿದೆ. ಯುರೋಪಿನ ಸುಮಾರು 2 ಲಕ್ಷ ಉದ್ಯೋಗಿಗಳ ಮಾಹಿತಿ ಒಟ್ಟು ಮಾಡಿದ ಅಧ್ಯಯನವೊಂದು 2012ರಲ್ಲಿ ಬಂದಿದೆ. ಕೆಲಸದ ಹೊರೆ ಜಾಸ್ತಿ ಇದ್ದು, ತೀರ್ಮಾನ ಮಾಡುವ ಸ್ವಾತಂತ್ರ್ಯ ಕಡಿಮೆ ಇರುವವರಿಗೆ ಹೃದಯದ ಕಾಯಿಲೆಯ ಅಪಾಯ ಸುಮಾರು ಶೇ 23ರಷ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಇನ್ನೊಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರು ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಬಿಪಿ, ಸಕ್ಕರೆ, ಬೀಡಿ, ನಮ್ಮ ಕಡೆಯ ಕವಳಕ್ಕೆ (ಎಲೆಅಡಿಕೆಗೆ) ಹಾಕುವ ಹೊಗೆಸೊಪ್ಪು, ಇವುಗಳ ಪಾಲು ಇದಕ್ಕಿಂತ ದೊಡ್ಡದು ಎಂಬುದನ್ನೂ ಹೇಳಿಬಿಡುತ್ತೇನೆ. ಟೆನ್ಶನ್ ಒಂದೇ ಕಾರಣ ಅಂತ ಯಾರೂ ಮಾತ್ರೆ ಬಿಡಬಾರದು. ಆದರೆ ಮನಸ್ಸಿಗೆ ಗಾಬರಿಯಾದಾಗೆಲ್ಲ ಅಡ್ರಿನಲಿನ್ ಏರುತ್ತದೆ, ಹೃದಯ ಜೋರಾಗಿ ಹೊಡೆಯುತ್ತದೆ, ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ. ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರಿಗೆ ದಿನವೂ ಇದೇ ಆದರೆ ಅಪಾಯ ಅಲ್ವಾ?

ಧ್ಯಾನ ಮಾಡಿ, ಪ್ರಾಣಾಯಾಮ ಮಾಡಿ ಎಂದು ಎಲ್ಲರೂ ಹೇಳಿದರು. ನಾನು ಬೆಳಿಗ್ಗೆ ನಿಧಾನವಾಗಿ ಉಸಿರಾಡುವ ಅಭ್ಯಾಸ ಮಾಡುತ್ತೇನೆ, ಅದರಿಂದ ಹಿತವಿದೆ. ಆದರೆ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು, ಹತ್ತು ಗಂಟೆಗೆ ಮತ್ತೆ ಅದೇ ಕೌಂಟರಿನಲ್ಲಿ ಅದೇ ‘ಇಲ್ಲ’ ಹೇಳುವುದಾದರೆ ಏನು ಉಪಯೋಗ? ಕೆಲಸ ನಡೆಯುವ ರೀತಿಯೇ ಬದಲಾಗಬೇಕು. ಕೆಲಸಕ್ಕೆ ಮರಳುವ ಮೊದಲು ನಮ್ಮ ಅಧ್ಯಕ್ಷರ ಮನೆಗೆ ನಾನು, ನಮ್ಮನೆಯವರು ಇಬ್ಬರೂ ಹೋಗಿ ಕೂತು ಮಾತಾಡಿದೆವು. ಮೊದಲು ಅವರು, “ಒಬ್ಬರಿಗೆ ಬೇಕಾದ ಹಾಗೆ ಸಂಘ ನಡೆಸಲು ಆಗುತ್ತಾ?” ಎಂದರು. ಆಮೇಲೆ ಅವರ ಹೆಂಡತಿ ಒಳಗಿನಿಂದ ಬಂದು, “ನಿಮಗೂ ಬಿಪಿ ಇದೆಯಲ್ಲ, ಸ್ವಲ್ಪ ಕೇಳಿಸಿಕೊಳ್ಳಿ” ಎಂದ ಮೇಲೆ ಮಾತು ಮುಂದುವರಿಯಿತು.

ಈಗ ಏನೇನು ಬದಲಾಗಿದೆ ಎಂದರೆ, ಸಾಲ ಹೊಸದು ಮಾಡುವುದನ್ನು ಜನವರಿಯಿಂದಲೇ ಊರುವಾರು ಶುರು ಮಾಡುತ್ತೇವೆ. ಕೊಯ್ಲು ಮುಗಿಸಿ ಅಡಿಕೆ ಕೊಟ್ಟವರ ಕೈಯಲ್ಲಿ ಆಗಲೇ ದುಡ್ಡು ಇರುತ್ತದೆ. ಯಾವ ಊರಿಗೆ ಯಾವ ವಾರ ಎಂದು ಪಟ್ಟಿ ಮಾಡಿ ಹಾಲಿನ ಡೇರಿಯಲ್ಲಿ, ಬಸ್ ಸ್ಟಾಪಿನಲ್ಲಿ ಅಂಟಿಸಿದೆವು. ಎಲ್ಲರೂ ಬರಲಿಲ್ಲ. ಬಂದಷ್ಟು ಜನರಿಂದಲೇ ಈ ವರ್ಷದ ಮಾರ್ಚ್ ಎಷ್ಟೋ ಹಗುರಾಯಿತು. ಎರಡನೆಯದು, ನನಗೆ ಅತಿ ಮುಖ್ಯವಾದದ್ದು: ಅರ್ಜಿ ಒಪ್ಪದಿದ್ದರೆ ಕಾರಣ ಬರೆದ ಚೀಟಿಗೆ ಡೈರೆಕ್ಟರುಗಳೇ ಸಹಿ ಹಾಕುತ್ತಾರೆ. ಸದಸ್ಯರಿಗೆ ಏನಾದರೂ ಕೇಳಬೇಕಿದ್ದರೆ ವಾರದಲ್ಲಿ ಒಂದು ಮಧ್ಯಾಹ್ನ ಇಬ್ಬರು ಡೈರೆಕ್ಟರುಗಳು ಸಂಘದಲ್ಲೇ ಕೂತಿರುತ್ತಾರೆ. ರೈತರಿಗೂ ಇದರಿಂದ ಒಳ್ಳೆಯದಾಗಿದೆ. ತೀರ್ಮಾನ ಮಾಡುವವರ ಮುಂದೆಯೇ ತಮ್ಮ ಕಷ್ಟ ಹೇಳಿಕೊಳ್ಳಬಹುದು. ಸಂಘಕ್ಕೆಂದು ಬೇರೆ ಮೊಬೈಲ್ ತಂದರು. ಸಂಜೆ ಅದು ಡ್ರಾಯರಿನಲ್ಲೇ ಉಳಿಯುತ್ತದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಅರ್ಧ ಎಳೆಯುತ್ತೇವೆ. ಇದಕ್ಕೆ ಖರ್ಚಾದದ್ದು ಒಂದು ಮೊಬೈಲಿನ ದುಡ್ಡು ಮಾತ್ರ. ಇನ್ನೊಬ್ಬ ಹುಡುಗನನ್ನು ಕಂಪ್ಯೂಟರ್ ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಬೇಡಿಕೆ ಇನ್ನೂ ಹಾಗೇ ಇದೆ.

ಮನೆಯ ವಿಷಯವನ್ನೂ ಹೇಳಬೇಕು. ಹೃದಯಾಘಾತವಾದ ಗಂಡಸಿಗೆ ಮನೆಯಲ್ಲಿ ವಿಶ್ರಾಂತಿ ಸಿಗುತ್ತದೆ. ಹೆಂಗಸಿಗೆ ಸಿಗುವುದು ಕಷ್ಟ. ನನ್ನನ್ನು ನೋಡಲು ಬಂದ ನೆಂಟರಿಗೆ ಮೊದಲ ವಾರ ಕಾಫಿ ಮಾಡಿದ್ದು ನಾನೇ. ಯಾರೂ ಮಾಡು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಕೊನೆಗೆ ನಮ್ಮ ಅತ್ತೆ, ಎಂಬತ್ತರ ಹತ್ತಿರದವರು, ಅಡುಗೆಮನೆ ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದರು: “ಒಲೆ ಮುಂದೆ ನೀನು ನಿಲ್ಲು, ಇವಳು ಮಲಗಲಿ.” ಅವತ್ತಿನಿಂದ ಬೆಳಗಿನ ಕಾಫಿ, ತಿಂಡಿ ನಮ್ಮನೆಯವರದ್ದು. ಕೊಯ್ಲಿನ ಕಾಲದಲ್ಲಿ ಆಳುಗಳ ಅಡುಗೆಗೆ ಬೇರೆಯವರನ್ನು ಕರೆಯುತ್ತೇವೆ. ರೋಗಿಯನ್ನು ನೋಡಲು ಹೋಗುವವರು ದಯವಿಟ್ಟು ಸ್ವಲ್ಪ ಹೊತ್ತು ಕೂತು, ಏನೂ ಕುಡಿಯದೆ ಬನ್ನಿ. ಆಗುವುದಾದರೆ ಅವರ ಮನೆಯ ಒಂದು ಕೆಲಸ ಮಾಡಿಕೊಟ್ಟು ಬನ್ನಿ.

ನಡೆಯಿರಿ ಎನ್ನುತ್ತಾರೆ ಡಾಕ್ಟರು, ಅದೂ ಶುರುವಿನಲ್ಲಿ ಸಮತಟ್ಟಾದ ಜಾಗದಲ್ಲಿ. ನಮ್ಮ ಮನೆಯಿಂದ ಎತ್ತ ಹೊರಟರೂ ಒಂದೋ ಉಬ್ಬು, ಇಲ್ಲ ಇಳಿಜಾರು. ಜೂನ್‌ನಿಂದ ಮಳೆ ಬೇರೆ. ಹಾಗಾಗಿ ಜಗಲಿಯಲ್ಲೇ ಅತ್ತಿಂದಿತ್ತ ನಡೆದೆ, ಆಮೇಲೆ ಶಾಲೆ ಬಿಟ್ಟ ಮೇಲೆ ಶಾಲೆಯ ಉದ್ದ ಜಗಲಿಯಲ್ಲಿ. ನಡೆಯುವಾಗ ಮಾತಾಡಲು ಆಗುವಷ್ಟು ವೇಗ ಸಾಕು, ಮಾತು ಕಟ್ಟಿದರೆ ನಿಧಾನ ಮಾಡಬೇಕು. ಊಟದಲ್ಲಿ ನನಗೆ ಬಿಡಲು ಕಷ್ಟವಾದದ್ದು ಮಿಡಿ ಉಪ್ಪಿನಕಾಯಿ. ಅದರ ಉಪ್ಪು ಎಷ್ಟು ಎಂದು ಹಾಕಿದವರಿಗೇ ಗೊತ್ತು. ಮಾತ್ರೆಗಳಲ್ಲಿ ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಜೊತೆಯಾಗಿ ಕೊಡುತ್ತಾರೆ. ‘ಈಗ ಆರಾಮಿದ್ದೇನೆ’ ಎಂದು ಅಥವಾ ನಾಟಿ ಔಷಧಿ ಶುರು ಮಾಡಿದೆ ಎಂದು ಅವನ್ನು ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವ ಮೊದಲೂ ಹೃದಯದ ಡಾಕ್ಟರನ್ನು ಕೇಳಿ.

ಇನ್ನು ಭಯ. ಎದೆಯಲ್ಲಿ ಚುಳ್ ಅಂದರೆ ಸಾಕು, ನಡುರಾತ್ರಿ ಎದ್ದು ಕೂರುವುದು. ಯಾರ ಜೊತೆಗೂ ಮಾತು ಬೇಡ, ಏನೂ ಬೇಡ ಅನ್ನಿಸುವುದು. ಹೃದಯಾಘಾತವಾದ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದಂತೆ. ನನಗೆ ಶಿವಮೊಗ್ಗದ ನರ್ಸ್ ಒಬ್ಬರು ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆ ಬರೆದುಕೊಟ್ಟಿದ್ದರು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಕಡೆ ನೆಟ್‌ವರ್ಕ್ ಸಿಗುವ ಜಾಗಕ್ಕೆ ಹೋಗಿ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಎಲ್ಲವನ್ನೂ ಕೇಳಿಸಿಕೊಂಡರು. ಅವರಿಗೆ ಈ ಪತ್ರದ ಮೂಲಕ ನಮಸ್ಕಾರ.

ಆರೋಗ್ಯ ಇಲಾಖೆಯವರಲ್ಲಿ ಒಂದು ಕೋರಿಕೆ. ಹೃದಯಾಘಾತವಾದ ಗಳಿಗೆಗೆ ಬೇಕಾದದ್ದು ಈಗ ತಾಲ್ಲೂಕಿಗೆ ಬಂದಿದೆ. ಆಮೇಲಿನದ್ದು ಬಂದಿಲ್ಲ. ಹತ್ತು ನಿಮಿಷ ಡಾಕ್ಟರನ್ನು ನೋಡಲು ಆಗುಂಬೆ ಕಡೆಯವರು ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಇಡೀ ದಿನ ಹೋಗುತ್ತದೆ, ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗಾಗಿ ಎಷ್ಟೋ ಜನ ಎರಡನೇ ಸಲ ಹೋಗುವುದೇ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಅದೇ ರೀತಿ ತಿಂಗಳಿಗೆ ಒಂದು ದಿನ ಹೃದಯದ ರೋಗಿಗಳಿಗೂ ಇಡಿ. ಬಿಪಿ, ಇಸಿಜಿ, ಮಾತ್ರೆ ನೋಡಲಿ, ಎಷ್ಟು ನಡೆಯಬಹುದು ಎಂದು ಹೇಳಿಕೊಡಲಿ. ಮನೆಯವರನ್ನೂ ಕೂರಿಸಿಕೊಂಡು, ಇವರ ಕೆಲಸ ಏನು, ಅದರಲ್ಲಿ ಏನು ಬದಲಿಸಬಹುದು ಎಂದು ಕೇಳಲಿ.

ಇನ್ನೇನು ಕೊಯ್ಲು ಶುರುವಾಗುತ್ತದೆ, ಅದರ ಹಿಂದೆಯೇ ಮಾರ್ಚ್. ಬೇರೆ ಸೊಸೈಟಿಗಳ ಆಡಳಿತ ಮಂಡಳಿಯವರು ಈಗಲೇ ಒಂದು ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಬೇಕು. ನಮ್ಮ ಊರುವಾರು ಪಟ್ಟಿ ಮತ್ತು ಡೈರೆಕ್ಟರುಗಳು ಸಹಿ ಹಾಕುವ ಚೀಟಿಯ ಮಾದರಿ ಯಾರಿಗಾದರೂ ಬೇಕಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ, ಕಳಿಸಿಕೊಡುತ್ತೇನೆ.

ಇತಿ,
ಸಹಕಾರ ಸಂಘದ ಒಬ್ಬ ನೌಕರೆ,
ತೀರ್ಥಹಳ್ಳಿ ತಾಲ್ಲೂಕು