ಬಿಪಿ ನೋಡಲು ಮನೆಗೆ ಬರುವವರು ನಮ್ಮ ಮಗುವನ್ನೂ ನೋಡಲಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಸರ್ಕಾರದ ಗೃಹ ಆರೋಗ್ಯ ಯೋಜನೆಯವರು ನಮ್ಮ ಮನೆಗೆ ಬಂದಿದ್ದರು. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ ನಮ್ಮದು. ನನ್ನ ಬಿಪಿ ನೋಡಿದರು, ಬೆರಳು ಚುಚ್ಚಿ ಶುಗರ್ ನೋಡಿದರು, ಯಜಮಾನರದ್ದೂ ನೋಡಿ ಬರೆದುಕೊಂಡರು. ಅಷ್ಟು ಹೊತ್ತೂ ನನ್ನ ಎರಡೂವರೆ ವರ್ಷದ ಮೊಮ್ಮಗಳು ಮೂಗಿನಲ್ಲಿ ಟ್ಯೂಬ್ ಹಾಕಿಕೊಂಡು ನನ್ನ ಮಡಿಲಲ್ಲೇ ಮಲಗಿದ್ದಳು. ಮಗುವನ್ನೂ ಸ್ವಲ್ಪ ನೋಡಮ್ಮ ಎಂದೆ. ಆ ಹುಡುಗಿಗೆ ಪಾಪ ಏನು ಹೇಳಬೇಕೋ ತಿಳಿಯಲಿಲ್ಲ. "ಇದರಲ್ಲಿ ಮೂವತ್ತು ವರ್ಷ ಆದವರದ್ದು ಮಾತ್ರ ಇರೋದು ಆಂಟಿ" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಈ ಯೋಜನೆ 2024ರಲ್ಲಿ ಶುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ, ಮನೆ ಬಾಗಿಲಿಗೆ ಬಂದು ನೋಡುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಯಾರಿಗೆ ಕಾಯಿಲೆ ಜಾಸ್ತಿಯೋ ಅವರನ್ನೇ ಬಿಟ್ಟು ಹೋದರಲ್ಲಾ ಎಂದು ಆವತ್ತು ರಾತ್ರಿ ಪೂರ್ತಿ ಅದೇ ಯೋಚನೆ.

ನಮ್ಮ ಮಗುವಿಗೆ ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲಲಿಲ್ಲ. ಕತ್ತು ನಿಂತಿಲ್ಲ. ನುಂಗಲು ಬರುವುದಿಲ್ಲ. ಫಿಟ್ಸ್ ಬರುತ್ತದೆ. ಹಾಲು, ಸೋಸಿದ ರಾಗಿ ಸರಿ, ಔಷಧಿ, ಎಲ್ಲವೂ ಟ್ಯೂಬಿನಲ್ಲೇ. ಕಫ ಬಾಯಿಗೆ ಬಂದರೆ ಉಗಿಯಲು ಬರುವುದಿಲ್ಲ, ಮಷಿನ್ ಇಟ್ಟು ನಾವೇ ಎಳೆಯಬೇಕು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದು ಮನೆಗೆ ಬಂದೆವು. ಅಲ್ಲಿ ಮಗುವನ್ನು ಚೆನ್ನಾಗಿ ನೋಡಿಕೊಂಡರು, ಸುಳ್ಳು ಹೇಳಬಾರದು. ಆದರೆ ಡಿಸ್ಚಾರ್ಜ್ ದಿನ ಟ್ಯೂಬಿನಲ್ಲಿ ಹಾಲು ಹಾಕುವುದನ್ನು ನನ್ನ ಮಗಳಿಗೆ ಒಂದೇ ಒಂದು ಸಲ ತೋರಿಸಿ, ಇಂಗ್ಲಿಷಿನಲ್ಲಿ ಬರೆದ ನಾಲ್ಕು ಹಾಳೆ ಕೈಗಿಟ್ಟು ಕಳಿಸಿದರು. ತೊಂದರೆ ಆದರೆ ಕರೆದುಕೊಂಡು ಬನ್ನಿ ಅಂದರು. ಎಲ್ಲಿಗೆ? ಮೂರು ಗಂಟೆ ದಾರಿ.

ಮೂರನೇ ರಾತ್ರಿಯೇ ಮಗು ಕೈ ಆಡಿಸಿ ಟ್ಯೂಬ್ ಕಿತ್ತುಕೊಂಡಿತು. ಎರಡು ಗಂಟೆ ಸಮಯ. ಮಗಳಿಗೆ ಕೈಕಾಲೇ ಆಡಲಿಲ್ಲ. ಫಿಟ್ಸ್ ಔಷಧಿ ಕೊಡುವ ಹೊತ್ತು ಮೀರುತ್ತಿತ್ತು, ಟ್ಯೂಬ್ ಇಲ್ಲದೆ ಔಷಧಿ ಇಲ್ಲ. ಅಳಿಯ ಬೈಕ್ ತೆಗೆದ, ಮಗಳು ಹಿಂದೆ ಕೂತು ಮಗುವನ್ನು ಶಾಲಿನಲ್ಲಿ ಎದೆಗೆ ಕಟ್ಟಿಕೊಂಡಳು, ಆ ಚಳಿಯಲ್ಲಿ ಕೋಲಾರದವರೆಗೆ ಹೋದರು. ದಾರಿಯಲ್ಲೇ ಫಿಟ್ಸ್ ಬಂತು. ಹತ್ತು ನಿಮಿಷದ ಕೆಲಸಕ್ಕೆ ಹೋದವರು ಆರು ದಿನ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು.

ನಮ್ಮ ಕಣ್ಣು ತೆರೆಸಿದವರು ಪಕ್ಕದ ಊರಿನ ಒಬ್ಬ ನಿವೃತ್ತ ಸಿಸ್ಟರ್. ಯಾರೋ ಹೇಳಿದ್ದು ಕೇಳಿ ತಾವೇ ಬಂದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮೊದಲ ದಿನ ಸುಮ್ನೆ ಕೂತು ಮಗಳು ಏನು ಮಾಡುತ್ತಾಳೆ ಎಂದು ನೋಡಿದರು. ಆಮೇಲೆ ಒಂದೊಂದೇ ಹೇಳಿಕೊಟ್ಟರು. ಪ್ರತಿ ಸಲ ಹಾಲು ಹಾಕುವ ಮುಂಚೆ ಮೂಗಿನ ಹತ್ತಿರ ಟ್ಯೂಬಿನ ಮೇಲಿರುವ ಗುರುತು ನೋಡಬೇಕು, ಸಿರಿಂಜಿನಲ್ಲಿ ಸ್ವಲ್ಪ ಎಳೆದು ಹೊಟ್ಟೆಯೊಳಗಿನದ್ದು ಬರುತ್ತದೆಯೇ ಎಂದು ಪರೀಕ್ಷೆ ಮಾಡಬೇಕು. ಟ್ಯೂಬ್ ಜಾರಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ನ್ಯುಮೋನಿಯಾ ಆಗುವುದು ಹಾಗೆ. ನಮಗೆ ಇದು ಗೊತ್ತೇ ಇರಲಿಲ್ಲ. ನಾವು ಮಗುವನ್ನು ಚಪ್ಪಟೆ ಮಲಗಿಸಿ ಹಾಲು ಹಾಕುತ್ತಿದ್ದೆವು. ತಲೆ ಎತ್ತರ ಇರಬೇಕು, ಹಾಲು ಹಾಕಿದ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು ಅಂದರು. ಫಿಟ್ಸ್ ಬಂದಾಗ ಬೀಗದ ಕೈ ಗೊಂಚಲು ಹಿಡಿಸಲು ಓಡಿಬರುವ ಪಕ್ಕದ ಮನೆಯವರಿಗೂ ಬೈಯದೆ ತಿಳಿಸಿ ಹೇಳಿದರು: ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಕಾಯಬೇಡಿ, ಹೊರಡಿ. ಕರೆಂಟ್ ಹೋದಾಗ ಕಫ ಎಳೆಯುವ ಮಷಿನ್ ನಿಂತುಹೋಗುತ್ತದೆ ಎಂದು ಮಗಳು ಅತ್ತಾಗ, ಕಾಲಲ್ಲಿ ತುಳಿಯುವ ಪಂಪ್ ಒಂದು ಸಿಗುತ್ತದೆ ಎಂದು ಹೇಳಿದವರೂ ಅವರೇ.

ಅವರು ವಾರಕ್ಕೆ ಎರಡು ಮಧ್ಯಾಹ್ನ ಬರುತ್ತಾರೆ. ಎರಡನೇ ವಾರ ಬಂದವರು ಮಗಳ ಮುಖ ನೋಡಿ, "ಮಗೂನ ನನಗೆ ಕೊಡು, ನೀನು ಹೋಗಿ ಮಲಗು" ಅಂದರು. ಅವಳು ನಾಲ್ಕು ಗಂಟೆ ಮಲಗಿದಳು. ಮಗು ಹುಟ್ಟಿದ ಮೇಲೆ ಅವಳು ಒಂದೇ ಸಮನೆ ಅಷ್ಟು ಹೊತ್ತು ಮಲಗಿದ್ದನ್ನು ನಾನು ನೋಡಿರಲಿಲ್ಲ. ಎದ್ದು ತಲೆಗೆ ಸ್ನಾನ ಮಾಡಿ, ಬಿಸಿ ಮುದ್ದೆ ಸಾರು ಕೂತು ಊಟ ಮಾಡಿದಳು. ನಾನಿದ್ದೇನಲ್ಲ, ನಾನು ನೋಡಿಕೊಳ್ಳಬಾರದೇ ಎಂದು ಓದುವವರಿಗೆ ಅನಿಸಬಹುದು. ನೋಡಿಕೊಳ್ಳುತ್ತೇನೆ. ಆದರೆ ನನ್ನ ಕೈಯಲ್ಲಿ ಮಗು ಇದ್ದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ, ಉಸಿರು ಕಟ್ಟಿದರೆ ಅಮ್ಮನಿಗೇನು ಗೊತ್ತು ಎಂಬ ಭಯ. ಅದು ಸರಿಯಾದ ಭಯವೇ. ಕೆಲಸ ಬಲ್ಲವರ ಕೈಯಲ್ಲಿ ಮಗು ಇದ್ದರೆ ಮಾತ್ರ ಇಂಥ ತಾಯಿ ಕಣ್ಣು ಮುಚ್ಚುತ್ತಾಳೆ.

ದುಡ್ಡು ಕೊಟ್ಟು ಇಟ್ಟುಕೊಳ್ಳೋಣ ಎಂದು ಬೆಂಗಳೂರಿನ ಏಜೆನ್ಸಿಗಳಿಗೂ ಫೋನ್ ಮಾಡಿದ್ದೆವು. ತಿಂಗಳಿಗೆ ಮೂವತ್ತು ಸಾವಿರದ ಮೇಲೆ, ಅದೂ ಹಳ್ಳಿಗೆ ಬರುವುದಿಲ್ಲ ಎಂದರು. ನನ್ನ ಪೆನ್ಷನ್ ಇದೆ, ಅಳಿಯನಿಗೆ ಒಂದೂವರೆ ಎಕರೆ ಮಾವಿನ ತೋಟ ಇದೆ, ಆದರೂ ನಮ್ಮ ಕೈಲಾಗಲಿಲ್ಲ. ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುವ ತಾಯಿಗೆ ಇಂಥ ಮಗು ಇದ್ದರೆ ಅವಳು ಕೂಲಿ ಬಿಡಬೇಕು, ಬಿಟ್ಟರೆ ಔಷಧಿಗೆ ದುಡ್ಡಿಲ್ಲ.

ಸರ್ಕಾರದಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಾಣಂತನದ 42 ದಿನ ಆಶಾ ಕಾರ್ಯಕರ್ತೆ ಬರುತ್ತಾರೆ. ಆಮೇಲೆ ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಅದೂ ಮಗುವಿಗೆ 15 ತಿಂಗಳು ತುಂಬುವ ತನಕ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ನಮ್ಮ ಮಗು ಅಂಗನವಾಡಿಗೆ ಹೋಗುವುದೇ ಇಲ್ಲವಲ್ಲ! ನಾನು ಟೀಚರ್ ಆಗಿದ್ದವಳು, ಅದಕ್ಕೇ ಇನ್ನೊಂದು ಮಾತು ಹೇಳುತ್ತೇನೆ. ಶಾಲೆಗೆ ಬರಲು ಆಗದ ಅಂಗವಿಕಲ ಮಕ್ಕಳಿಗೆ ನಮ್ಮ ಶಿಕ್ಷಣ ಇಲಾಖೆಯಲ್ಲಿ ಗೃಹಾಧಾರಿತ ಶಿಕ್ಷಣ ಅಂತ ಇದೆ, ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಎಂಬ ಶಿಕ್ಷಕರು ಅವರ ಮನೆಗೇ ಹೋಗುತ್ತಾರೆ. ಆದರೆ ಅದು ಆರು ವರ್ಷದಿಂದ. ಪಾಠಕ್ಕೆ ಮೇಷ್ಟ್ರು ಮನೆಗೆ ಬರಬಹುದಾದರೆ, ಆ ಮಗು ಆರು ವರ್ಷದವರೆಗೆ ಬದುಕಿರಲು ನರ್ಸ್ ಯಾಕೆ ಬರಬಾರದು?

ಇದೇನು ಆಗದ ಮಾತಲ್ಲ. ಪಕ್ಕದ ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿತು. ಅಲ್ಲಿ ಪಂಚಾಯಿತಿಯ ನರ್ಸ್, ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು, ಟ್ಯೂಬ್ ಬದಲಾಯಿಸಿ ಬರುತ್ತಾರೆ. ಮಗಳು ರಾತ್ರಿ ಎದ್ದಿರುವಾಗ ಮೊಬೈಲಿನಲ್ಲಿ ಹುಡುಕಿ ಐರ್ಲೆಂಡಿನ ವಿಷಯ ಒಂದು ತೋರಿಸಿದಳು. ಇಂಥದ್ದೇ ಮಗುವನ್ನು ಸಾಕಿದ ಅಪ್ಪ ಅಮ್ಮ 1997ರಲ್ಲಿ ಜ್ಯಾಕ್ ಅಂಡ್ ಜಿಲ್ ಎಂಬ ಸಂಸ್ಥೆ ಕಟ್ಟಿದ್ದಾರೆ, ಮನೆಗೆ ನರ್ಸ್ ಬಂದು ಇಷ್ಟು ಗಂಟೆ ಎಂದು ಮಗುವನ್ನು ನೋಡಿಕೊಳ್ಳುತ್ತಾರೆ, ತಾಯಿ ಅಷ್ಟು ಹೊತ್ತು ಸುಧಾರಿಸಿಕೊಳ್ಳಬಹುದು. ಓದಿ ಅವಳು ಅತ್ತಳು.

ನಾವು ಕೇಳುವುದು ದೊಡ್ಡದಲ್ಲ. ತಾಲ್ಲೂಕಿಗೆ ಒಬ್ಬರಾದರೂ ಮಕ್ಕಳ ಆರೈಕೆ ಕಲಿತ ನರ್ಸ್ ಕೊಡಿ, ಓಡಾಡಲು ಒಂದು ಗಾಡಿ ಕೊಡಿ. ರಾತ್ರಿ ಎರಡು ಗಂಟೆಗೂ ಎತ್ತುವ ಒಂದು ಫೋನ್ ನಂಬರ್ ಬೇಕು, 108ರ ಹಾಗೆ ಕರೆದೊಯ್ಯಲು ಅಲ್ಲ, ಹೀಗೆ ಮಾಡಮ್ಮ ಎಂದು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಲು. ಬೆಂಗಳೂರಿನ ಆಸ್ಪತ್ರೆ ಇಂಥ ಮಗುವನ್ನು ಡಿಸ್ಚಾರ್ಜ್ ಮಾಡುವ ಮುಂಚೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಲಿ. ತಾಯಿಯ ಕೈಯಲ್ಲೇ ಹತ್ತು ಸಲ ಮಾಡಿಸಿ ನೋಡಿ ಆಮೇಲೆ ಕಳಿಸಲಿ. ಗೃಹ ಆರೋಗ್ಯದ ಆ ಫಾರ್ಮಿನಲ್ಲಿ "ಮನೆಯಲ್ಲಿ ಹಾಸಿಗೆ ಹಿಡಿದ ಮಗು ಇದೆಯೇ?" ಎಂದು ಒಂದೇ ಸಾಲು ಸೇರಿಸಿದರೂ ಜಿಲ್ಲೆಯಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ ಎಂದಾದರೂ ತಿಳಿಯುತ್ತದೆ. ಜಿಲ್ಲಾ ಆರೋಗ್ಯ ಅಧಿಕಾರಿಗಳು ಇದನ್ನು ಓದಲಿ ಎಂದೇ ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ಸಿಸ್ಟರಿಗೆ ವಯಸ್ಸಾಯಿತು, ಮಂಡಿ ನೋವು. ಯುಗಾದಿ ಕಳೆದ ಮೇಲೆ ಮಗನ ಮನೆಗೆ ಹೋಗುತ್ತಾರಂತೆ, ವಾಪಸ್ ಬರುವುದು ಅನುಮಾನ. ಈಗ ಅವರು ಬಂದಾಗಲೆಲ್ಲ ಟ್ಯೂಬ್ ಹಾಕುವುದನ್ನು ಮಗಳಿಗೆ ಕಲಿಸುತ್ತಿದ್ದಾರೆ. ಎರಡು ಸಲ ಸರಿಯಾಗಿ ಹಾಕಿದಳು, ಮೂರನೇ ಸಲ ಕೈ ನಡುಗಿತು.

– ಒಬ್ಬ ಅಜ್ಜಿ, ನಿವೃತ್ತ ಶಿಕ್ಷಕಿ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ