ಗೆಳೆಯನಿಗೊಂದು ಪತ್ರ: ಅವಳಿಗೊಂದು ಬಾಗಿಲಿಡು

ಪ್ರೀತಿಯ ಸೀನ,

ಕಾದಂಬರಿಯ ಕರಡು ಓದಿದೆ. ಚಾರಿತ್ರಿಕ ಪ್ರೇಮಕತೆ ಬರೆಯುವ ಉಳಿದವರಿಗೂ ಉಪಯೋಗಕ್ಕೆ ಬಂದೀತು ಅಂತ ಎಲ್ಲರೆದುರೇ ಬರೆಯುತ್ತಿದ್ದೇನೆ.

ಮೊದಲು ಸೇಡಿನ ವಿಚಾರ. 1815ರ ಲಂಡನ್ನಿನಲ್ಲಿ ನಿನ್ನ ನಾಯಕ, ನಾಯಕಿಯ ಅಪ್ಪ ಜೂಜಿನಲ್ಲಿ ಸೋತು ಬರೆದುಕೊಟ್ಟ ಸಾಲಪತ್ರಗಳನ್ನೆಲ್ಲ ಕೊಂಡು 'ಮಗಳನ್ನು ಕೊಡು, ಇಲ್ಲ ಜೈಲಿಗೆ ನಡಿ' ಅನ್ನುತ್ತಾನೆ. ನಡೆಯೋದಿಲ್ಲ ಕಣೋ. 1710ರ ಜೂಜಿನ ಕಾಯ್ದೆಯ ಪ್ರಕಾರ ಜೂಜಿನ ಸಾಲಕ್ಕೆ ಬರೆದ ಪತ್ರ, ಅಡಮಾನ ಯಾವುದಕ್ಕೂ ಬೆಲೆಯಿರಲಿಲ್ಲ. ಅಂಥ ಸಾಲ ತೀರಿಸುತ್ತಿದ್ದದ್ದು ಮಾನಕ್ಕೆ ಅಂಜಿ, ಕೋರ್ಟಿಗಲ್ಲ. ಸಾಲದ್ದಕ್ಕೆ ಅಪ್ಪನಿಗೆ ಅರ್ಲ್ ಅನ್ನುವ ಕುಲೀನ ಪದವಿ ಕೊಟ್ಟಿದ್ದೀಯ. ಅರ್ಲ್‌ಗಳನ್ನು ಸಾಲಕ್ಕಾಗಿ ಹಿಡಿದು ಹಾಕುವಂತಿರಲಿಲ್ಲ.

ಅವನನ್ನು ಪದವಿಯಿಲ್ಲದ ಜಮೀನ್ದಾರ ಮಾಡು. ದರ್ಜಿಗೆ, ವೈನ್ ಮಾರಿದವನಿಗೆ, ಕುದುರೆ ಕೊಟ್ಟವನಿಗೆ ಬಾಕಿಯ ಬದಲು ಹುಂಡಿ, ಅಂದರೆ ಇಂಥ ದಿನ ಹಣ ಕೊಡುತ್ತೇನೆಂಬ ಪತ್ರ, ಬರೆದುಕೊಟ್ಟಿರಲಿ. ಹುಂಡಿಯ ಬೆನ್ನಿಗೆ ಸಹಿ ಬಿದ್ದರೆ ಕೈ ಬದಲಾಗುತ್ತದೆ. ನಾಯಕ ಒಂದೊಂದನ್ನೇ ಸದ್ದಿಲ್ಲದೆ ಕೊಳ್ಳುತ್ತ ಹೋಗಲಿ. ಆಮೇಲೆ ಬೇಲಿಫ್, ಅಂದರೆ ಬಂಧಿಸುವ ಅಮೀನ, ಬಂದು ಹೆಗಲು ಮುಟ್ಟಿದರೆ ಅದೇ ಬಂಧನ. ಮುಂದೆ ಸಾಲಗಾರರನ್ನು ಇಡುತ್ತಿದ್ದ ಫ್ಲೀಟ್ ಸೆರೆಮನೆ. ಸೇಡು ಹೀಗೆ ಕಾಗದ ಕಾಗದವಾಗಿ ಕೂಡಿಬಂದರೆ ಓದುಗ ನಂಬುತ್ತಾನೆ.

ಮದುವೆಯನ್ನು ರಾತ್ರಿ ಮಾಡಿಸಿದ್ದೀಯ. ಆಗ ಬೆಳಿಗ್ಗೆ 8ರಿಂದ 12ರೊಳಗೆ ಮುಗಿಯಬೇಕಿತ್ತು. ರಾತ್ರಿಯೇ ಬೇಕೆಂದರೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕೊಡುವ ವಿಶೇಷ ಪರವಾನಗಿ ತರಿಸು.

ನನ್ನ ನಿದ್ದೆ ಕೆಡಿಸಿದ್ದು ನಿನ್ನ ನಾಯಕಿ. ಅಷ್ಟೊಂದು ಅಧ್ಯಾಯ ಸಹಿಸಿಕೊಂಡೇ ಇರುತ್ತಾಳೆ, ನೀನದನ್ನು ತಾಳ್ಮೆ ಅನ್ನುತ್ತೀಯ. ಮದುವೆಯಾದ ಕ್ಷಣದಿಂದ ಅವಳ ಕೈಯ ಹಣ ಗಂಡನದು. 1857ರ ಮೊದಲು ಇಂಗ್ಲೆಂಡಿನಲ್ಲಿ ಪೂರ್ತಿ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಬೇಕಿತ್ತು. ಹಾಗೆ ಪಡೆದ ಹೆಂಗಸರು ನಾಲ್ವರೇ. ಬಿಟ್ಟುಹೋದರೆ ಮಕ್ಕಳೂ ಅಪ್ಪನ ಪಾಲು. 1839ರವರೆಗೂ ತಾಯಿ ಕೇಳಲು ಕಾಯ್ದೆಯ ಆಸರೆಯೇ ಇರಲಿಲ್ಲ. ಹೋಗಲು ದಾರಿಯೇ ಇಲ್ಲದವಳು ಉಳಿದರೆ ಅದರಲ್ಲಿ ಪ್ರೀತಿ ಎಲ್ಲಿ ಕಾಣಲಿ?

ಅದಕ್ಕೇ ಅವಳಿಗೊಂದು ಬಾಗಿಲಿಡು. ಅಜ್ಜಿಯ ಉಯಿಲಿನಲ್ಲಿ 4,000 ಪೌಂಡು, 3%ರ ಸರ್ಕಾರಿ ಸಾಲಪತ್ರಗಳಲ್ಲಿ, ಟ್ರಸ್ಟಿಗಳ ಹೆಸರಲ್ಲಿ, 'ಅವಳ ಪ್ರತ್ಯೇಕ ಉಪಯೋಗಕ್ಕೆ' ಎಂದು ಬರೆದು. ಈ ಮಾತಿದ್ದರೆ ಗಂಡ ಮುಟ್ಟದಂತೆ, ಟ್ರಸ್ಟುಗಳ ವ್ಯಾಜ್ಯ ನೋಡುತ್ತಿದ್ದ ಚಾನ್ಸರಿ ಕೋರ್ಟು ಕಾಯುತ್ತಿತ್ತು. ವರ್ಷಕ್ಕೆ 120 ಪೌಂಡು, ಆರು ತಿಂಗಳಿಗೊಮ್ಮೆ 60. ಹಳ್ಳಿಯಲ್ಲಿ ಒಬ್ಬ ಕೆಲಸದವಳನ್ನಿಟ್ಟುಕೊಂಡು ಬದುಕಬಹುದು. ಜುಲೈ ಕಂತು ಬಂದ ದಿನ ಅವಳು ನೋಟು ಎಣಿಸಿ, ಬಾತ್ ಊರಿಗೆ ಹೋಗುವ ಕುದುರೆ ಕೋಚು ಎಷ್ಟು ಹೊತ್ತಿಗೆ ಹೊರಡುತ್ತದೆಂದು ವಿಚಾರಿಸಿ, ಆಮೇಲೆ ಪೆಟ್ಟಿಗೆಗೆ ಬೀಗ ಹಾಕಲಿ. ಬಾಗಿಲಲ್ಲಿ ನಿಂತ ಅವನು ಅದನ್ನು ಕಾಣಲಿ. ಅವನ ಸೇಡು ಸಡಿಲಗೊಳ್ಳಬೇಕಾದ ಜಾಗ ಅದು.

ನಿಜ ಹೇಳುತ್ತೇನೆ, ಸೇಡಿನ ನಾಯಕರೆಂದರೆ ನನಗೆ ಪ್ರಾಣ. ಆದರೆ ಈಚೆಗೆ ಕಡೆಯ ಅಧ್ಯಾಯದ ಕ್ಷಮೆ ಓದುವಾಗೆಲ್ಲ ಹೆದರಿಕೆಯಾಗುತ್ತದೆ. 'ಒಲ್ಲೆ' ಅಂದಿದ್ದರೆ ಅವಳ ಗತಿಯೇನಾಗುತ್ತಿತ್ತು ಅಂತ ಮನಸ್ಸು ಕೇಳುತ್ತದೆ. ಸಹಿಸಿಕೊಂಡವಳನ್ನು ಹೊಗಳುವುದು ಎಷ್ಟು ಸುಲಭ, ಅವಳನ್ನು ಕೇಳುವುದು ಎಷ್ಟು ಕಷ್ಟ ನೋಡು.

ಇಷ್ಟೆಲ್ಲ ಇಲ್ಲಿ ಹೇಳಬೇಕಂತಿರಲಿಲ್ಲ, ಬಿಡು. ಮುಂದಿನ ಕರಡು ಬೇಗ ಕಳಿಸು. ಕುದುರೆಯವನ ಹುಂಡಿಯಿಂದಲೇ ಶುರುಮಾಡು, ಅಪ್ಪನಿಗೆ ಕುದುರೆಯ ಶೋಕಿ ಅಂತ ಮೊದಲ ಪುಟದಲ್ಲೇ ಬರೆದಿದ್ದೀಯಲ್ಲ.

ನಿನ್ನ ಗೆಳೆಯ